ರಸ್ತೆಯವರೆಗೆ ಕಳಿಸಿ ಬರುವುದು

ಈಚೆಗೆ ಯಾರಾದರೂ “ನಡೀ, ರೋಡಿನ ತನಕಾ ಕಳಿಸಿ ಬರತೇನಿ” ಎಂದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಮೊನ್ನೆ ಗೋಕಾಕದ ನಮ್ಮ ಓಣಿಯಲ್ಲಿ ಪಕ್ಕದ ಮನೆಯಾಕೆ ನನ್ನ ಜೊತೆ ಹೀಗೆ ಹೊರಟು ನಿಂತಳು. ನಾನು ಅವಳ ಎರಡೂ ಭುಜ ಹಿಡಿದು ಬಾಗಿಲಲ್ಲೇ ನಿಲ್ಲಿಸಿದೆ. ನಮ್ಮ ಓಣಿಗೆ ಬರುವ ಅತಿ ದೊಡ್ಡ ವಾಹನವೆಂದರೆ ಗ್ಯಾಸ್ ಸಿಲಿಂಡರಿನ ಗಾಡಿ. ಅದೂ ಎಮ್ಮೆಗೆ ದಾರಿ ಬಿಟ್ಟು ಬರುತ್ತದೆ. ಆದರೂ ನಿಲ್ಲಿಸಿದೆ. ಅವಳು ನನ್ನನ್ನು ಒಂದು ಥರ ನೋಡಿದಳು. ಅವಳಿಗೆ ಹೇಳಲಾರದ ಕಾರಣವನ್ನು ನಿಮಗೆ ಹೇಳುತ್ತೇನೆ.

ನಮ್ಮ ಕಡೆ ನೆಂಟರು ಬರುವುದು ಸುಲಭ, ಹೋಗುವುದು ಕಷ್ಟ. ಬರುವಾಗ ಬಾಗಿಲು ತೆರೆದಿದ್ದರೆ ಸಾಕು. ಹೋಗುವಾಗ ಮಾತ್ರ ಹೆಜ್ಜೆಹೆಜ್ಜೆಗೂ ನಿಲ್ಲಬೇಕು. ಪಡಸಾಲೆಯಲ್ಲಿ ಎದ್ದವರನ್ನು ಕೂಡಿಸಿ ಮತ್ತೊಮ್ಮೆ ಚಹಾ ಕುಡಿಸುತ್ತಾರೆ. ಹೊಸ್ತಿಲಲ್ಲಿ ಕುಂಕುಮ ಹಚ್ಚಿ ಬುತ್ತಿಯ ಗಂಟು ಕೊಡುತ್ತಾರೆ. ಹೊರಗಿನ ಕಟ್ಟೆಯ ಹತ್ತಿರ, ಒಳಗೆ ಹೇಳಲಾಗದೆ ಉಳಿದ ಸುದ್ದಿಯನ್ನೆಲ್ಲ ಪಿಸುದನಿಯಲ್ಲಿ ಹೇಳಿ ಮುಗಿಸುತ್ತಾರೆ. ಆಮೇಲೆ ರಸ್ತೆಯವರೆಗೆ ಬಂದು, ಬಸ್ಸಿಗೆ ಕೈ ಮಾಡಿ, ಹತ್ತಿಸಿ, ಬಸ್ಸಿನ ಹಿಂಭಾಗ ಕಾಣದಾಗುವ ತನಕ ನಿಲ್ಲುತ್ತಾರೆ. ಹೊರಡುವವರು “ಹೋಗತೇನಿ” ಅನ್ನಬಾರದು, “ಬರತೇನಿ” ಅನ್ನಬೇಕು. ಕಳಿಸುವವರು, ಏನೇ ಆದರೂ, ಹೊರಟವರನ್ನು ಹಿಂದಿನಿಂದ ಕೂಗಿ ಕರೆಯಬಾರದು. ಕರೆದರೆ ಅವರಿಗೆ ದಾರಿಯಲ್ಲಿ ಕೇಡು.

ನಾನು ಬೆಳೆದದ್ದು ಗೋಕಾಕ ಫಾಲ್ಸ್‌ನಲ್ಲಿ. ಅಪ್ಪನಿಗೆ ಅಲ್ಲಿಯ ಗಿರಣಿಯಲ್ಲಿ ಕೆಲಸ. ಅಪ್ಪ ಬಹಳ ಮರೆಗುಳಿ. ಊಟದ ಡಬ್ಬಿ ಬಿಟ್ಟು ಹೋಗುತ್ತಿದ್ದ, ಕನ್ನಡಕ ಬಿಟ್ಟು ಹೋಗುತ್ತಿದ್ದ, ಒಮ್ಮೆ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಹೋಗಿದ್ದ. ಅವ್ವ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತು, ಹತ್ತು ಮಾರು ದೂರದಲ್ಲಿ ಹೋಗುತ್ತಿರುವ ಗಂಡನನ್ನು ನೋಡುತ್ತ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಿದ್ದಳೇ ಹೊರತು ಕರೆಯುತ್ತಿರಲಿಲ್ಲ. ನನ್ನ ಕೈಗೆ ಡಬ್ಬಿ ಕೊಟ್ಟು ಕಣ್ಣಲ್ಲೇ ಸಂದಿ ತೋರಿಸುವಳು. ನಾನು ಗಿರಣಿ ಕಾರ್ಮಿಕರ ಚಾಳಿನ ಹಿಂದಿನ ಸಂದಿಯಿಂದ ಓಡಿ, ಅಪ್ಪನನ್ನು ದಾಟಿ, ಅವನ ಮುಂದೆ ಪ್ರತ್ಯಕ್ಷಳಾಗಬೇಕು. ಹಿಂದಿನಿಂದ ಕರೆಯಬಾರದು, ಮುಂದೆ ಹೋಗಿ ನಿಲ್ಲಬಹುದು: ಇದು ನಮ್ಮ ಶಾಸ್ತ್ರ. ಅಪ್ಪನಿಗೂ ಇದು ಗೊತ್ತಿತ್ತು. “ಓಹೋ, ಇಲ್ಲೆ ಹ್ಯಾಂಗ ಬಂದ್ಯವಾ?” ಎಂದು ದಿನವೂ ಹೊಸದಾಗಿ ಆಶ್ಚರ್ಯಪಡುತ್ತಿದ್ದ. ಆ ಸಂದಿಯಲ್ಲಿ ನನಗೆ ಎದುರಾಗುತ್ತಿದ್ದ ಅಪಾಯವೆಂದರೆ ಒಂದು ಕೆಂಪು ಹುಂಜ.

ಅವ್ವನಿಗೆ ಈ ಶಾಸ್ತ್ರ ಕಲಿಸಿದವಳು ಅವಳ ಅಕ್ಕ, ನನ್ನ ದೊಡ್ಡವ್ವ ಗೌರವ್ವ. ಹುಕ್ಕೇರಿ ತಾಲೂಕಿನ ಹತ್ತರಗಿಯ ಹತ್ತಿರ, ಹೆದ್ದಾರಿಗೆ ಹೊಂದಿಕೊಂಡ ತೋಟದಲ್ಲಿ ಅವಳ ಮನೆ. ಸೊಸೆ, ಮಗ, ಮೊಮ್ಮಕ್ಕಳು, ಎರಡು ಎಮ್ಮೆ ಎಲ್ಲ ಇರುವ ತುಂಬಿದ ಮನೆ. ಯಜಮಾನಿಕೆ ಮಾತ್ರ ಇನ್ನೂ ಅವಳದೇ. ನಾನು ಚಿಕ್ಕವಳಿದ್ದಾಗ ಅದು ಹೆದ್ದಾರಿಯಾಗಿರಲಿಲ್ಲ, ‘ಪುಣಾ-ಬೆಂಗಳೂರು ರೋಡ್’ ಆಗಿತ್ತು. ಎರಡು ಲಾರಿ ಎದುರಾದರೆ ಒಂದರ ಗಾಲಿ ಮಣ್ಣಿಗಿಳಿಯುತ್ತಿತ್ತು. ದೊಡ್ಡವ್ವ ಕೈ ಎತ್ತಿದ ಜಾಗವೇ ಬಸ್ ಸ್ಟಾಪು. ಒಮ್ಮೆ ನನ್ನನ್ನು ಹತ್ತಿಸಿದ ಮೇಲೆ ಅವಳಿಗೆ ಉಪ್ಪಿನಕಾಯಿಯ ನೆನಪಾಗಿ, ಬಸ್ಸಿನ ಮುಂದೆ ಹೋಗಿ ನಿಂತು, “ಸ್ವಲ್ಪ ತಡೀಪಾ ತಮ್ಮಾ” ಎಂದು ಡ್ರೈವರನಿಗೆ ಹೇಳಿ ಮನೆಗೆ ಹೋಗಿದ್ದಳು. ಡ್ರೈವರ್ ಎಂಜಿನ್ ಬಂದ್ ಮಾಡಿ ಬೀಡಿ ಹಚ್ಚಿದ. ಬಸ್ಸಿನಲ್ಲಿದ್ದ ಒಬ್ಬರೂ ಗೊಣಗಲಿಲ್ಲ.

ಈಗ ಆ ರಸ್ತೆ ಎಷ್ಟು ಅಗಲವಾಗಿದೆಯೆಂದರೆ ಆಚೆ ಬದಿಯಲ್ಲಿ ನಿಂತವರ ಮುಖ ಗುರುತು ಹತ್ತುವುದಿಲ್ಲ. ಮಧ್ಯದಲ್ಲಿ ಉದ್ದಕ್ಕೂ ಕಣಗಿಲೆ ಗಿಡ ಹಚ್ಚಿದ ವಿಭಜಕ. ಇದನ್ನು ಇನ್ನೂ ಅಗಲ ಮಾಡುವ ಕೆಲಸವೂ ನಡೆದಿದೆ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವಳು. ‘ಮಹಾನಗರಗಳನ್ನು ಜೋಡಿಸುವ ಹೆದ್ದಾರಿಗಳು ಪ್ರಾದೇಶಿಕ ಅಭಿವೃದ್ಧಿಯ ಜೀವನಾಡಿಗಳು’ ಎಂದು ವರ್ಷವರ್ಷವೂ ಬರೆಸುತ್ತೇನೆ. ಸುಳ್ಳಲ್ಲ. ದೊಡ್ಡವ್ವನ ತೋಟದ ಬದನೆಕಾಯಿ ಮುಂಜಾನೆಗೆ ಪುಣೆ ಮುಟ್ಟುತ್ತದೆ. ಮೊಮ್ಮಗ ಬೆಳಗಾವಿಯ ಕಾರ್ಖಾನೆಗೆ ದಿನವೂ ಹೋಗಿ ಬರುತ್ತಾನೆ. ರಸ್ತೆಯ ಆಚೆ ಬದಿಗೆ ಪಂಕ್ಚರ್ ಅಂಗಡಿ ಇಟ್ಟಿರುವ ದಸ್ತಗೀರ ಕಾಕಾನ ಅಪ್ಪ ಚಕ್ಕಡಿಯ ಗಾಲಿಗೆ ಹಳಿ ಬಡಿಯುತ್ತಿದ್ದನಂತೆ. “ನಮ್ಮಪ್ಪ ಎರಡ ಗಾಲಿ ನೋಡತಿದ್ದ, ನಾ ಒಂದ ಗಾಡೀದ ಹದಿನೆಂಟ ಗಾಲಿ ನೋಡತೇನಿ. ಇದಕ್ಕ ಅನಬೇಕವಾ ಡೆವಲಪ್ಮೆಂಟ್” ಎನ್ನುತ್ತಾನೆ ಅವನು. ನನ್ನ ನೋಟ್ಸಿಗಿಂತ ಇದು ಚೆನ್ನಾಗಿದೆ ಎಂದು ತರಗತಿಯಲ್ಲೂ ಹೇಳಿದ್ದೇನೆ.

ಆದರೆ ನಾನು ಊರಿಗೆ ಹೋಗಲು ಹಿಡಿಯುವ ಸಂಕೇಶ್ವರದ ಕಡೆಯ ಬಸ್ಸು ನಿಲ್ಲುವುದು ಆಚೆ ಬದಿಗೆ, ದಸ್ತಗೀರ ಕಾಕಾನ ಅಂಗಡಿಯ ಹತ್ತಿರ. ದೊಡ್ಡವ್ವನ ಮನೆ ಈಚೆ ಬದಿಗೆ. ದಾಟಲು ಸರಕಾರದವರು ಸ್ವಲ್ಪ ದೂರದಲ್ಲಿ ರಸ್ತೆಯ ಕೆಳಗೆ ದಾರಿ ಮಾಡಿಕೊಟ್ಟಿದ್ದಾರೆ. ಅಲ್ಲಿ ಮಳೆಗಾಲದಲ್ಲಿ ನೀರು, ಬೇಸಿಗೆಯಲ್ಲಿ ನಾಯಿ. ದೊಡ್ಡವ್ವನ ತಕರಾರು ಬೇರೆ: “ತೆಲಿ ಮ್ಯಾಲ ಲಾರಿ ಹಾಯಿಸಿಕೊಂಡ ನಡ್ಯಾಕ ನಾ ಏನ್ ಇರವಿ ಏನು?” ಹೀಗಾಗಿ ಊರಿನವರೆಲ್ಲ ಕಣಗಿಲೆ ಗಿಡಗಳ ನಡುವೆ ಯಾರೋ ಮಾಡಿದ ಒಂದು ಕಿಂಡಿಯಿಂದ ನೇರ ದಾಟುತ್ತಾರೆ. ಜೀವನಾಡಿಯ ಬಗ್ಗೆ ಬರೆಸುವ ನಾನೂ ಅಲ್ಲಿಂದಲೇ ದಾಟುತ್ತಿದ್ದೆ.

ಸಂಕ್ರಾಂತಿ ಮುಗಿದ ವಾರ. ಕಬ್ಬಿನ ಹಂಗಾಮು. ಎರಡು ದಿನ ದೊಡ್ಡವ್ವನ ಮನೆಯಲ್ಲಿ ಇದ್ದು ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೊರಟೆ. ಚಹಾ ಆಯಿತು, ಕುಂಕುಮವಾಯಿತು. ಬುತ್ತಿಯ ಗಂಟು ದೊಡ್ಡದಿತ್ತು: ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ. ಅರ್ಧ ನನಗೆ, ಅರ್ಧ ಮೂಡಲಗಿಯಲ್ಲಿ ನನ್ನ ತಮ್ಮನ ಮನೆಯಲ್ಲಿರುವ ಅವ್ವನಿಗೆ. ಕಟ್ಟೆಯ ಮೇಲೆ ಕೂತು ಸೊಸೆಯ ಬಗ್ಗೆ ಪಿಸುಮಾತು ಆಯಿತು. ಆಮೇಲೆ ಇಬ್ಬರೂ ರಸ್ತೆಯ ಅಂಚಿಗೆ ಬಂದೆವು. “ಬರತೇನಿ ದೊಡ್ಡವ್ವಾ” ಎಂದು ನಾನು ವಾಹನಗಳ ನಡುವೆ ಸಂದು ನೋಡಿ ದಾಟಿದೆ. ಬುತ್ತಿ ಕಟ್ಟೆಯ ಮೇಲೆಯೇ ಉಳಿಯಿತು. ಅಪ್ಪನ ಮಗಳಲ್ಲವೇ.

ಆಚೆ ಬದಿಗೆ ದಸ್ತಗೀರ ಕಾಕಾ ಒಂದು ಟಯರಿನೊಳಗೆ ಅರ್ಧ ದೇಹ ತೂರಿಸಿಕೊಂಡು ಕೆಲಸದಲ್ಲಿದ್ದ. ನಾನು ಅವನ ಬೆಂಚಿನ ಮೇಲೆ ಕೂತು ಮೊಬೈಲ್ ನೋಡತೊಡಗಿದೆ. ಎಷ್ಟು ಹೊತ್ತಾಯಿತೋ, ಕಾಕಾ ತಲೆ ಹೊರಗೆ ತೆಗೆದವನು ಹಾಗೇ ನಿಂತುಬಿಟ್ಟ.

“ವಿಜೀ, ಅಲ್ಲಿ ನೋಡ. ನಮ್ಮ ಗೌರಕ್ಕ ಅಲ್ಲೇನು?”

ನೋಡಿದೆ. ರಸ್ತೆಯ ನಟ್ಟನಡುವೆ ಕಣಗಿಲೆಯ ಕಿಂಡಿಯಲ್ಲಿ ದೊಡ್ಡವ್ವ. ಬುತ್ತಿಯ ಗಂಟನ್ನು ಮಗುವಿನ ಹಾಗೆ ಎದೆಗವಚಿಕೊಂಡಿದ್ದಾಳೆ. ಹಿಂದೆ ಮೂರು ಸಾಲು ವಾಹನ ದಾಟಿ ಬಂದಾಗಿದೆ, ಮುಂದೆ ಮೂರು ಸಾಲು ಉಳಿದಿದೆ. ಎಪ್ಪತ್ತು ದಾಟಿದ ಮುದುಕಿ. ಲಾರಿಯೊಂದು ಹಾದುಹೋದಾಗ ಅವಳ ಸೆರಗು ಅದರ ಹಿಂದೆಯೇ ಹೋಗುವಂತೆ ಎದ್ದಿತು. ಅವಳು ಕೂಗುತ್ತಿಲ್ಲ, ಕೈ ಬೀಸುತ್ತಿಲ್ಲ. ಬಾಯಿ ಬಿಗಿಹಿಡಿದು ನಿಂತಿದ್ದಾಳೆ.

ನಾನು ಎದ್ದು ನಿಂತು ಎರಡೂ ಕೈ ಮುಂದೆ ಚಾಚಿ ಅಲ್ಲೇ ಇರು ಎಂದು ಸನ್ನೆ ಮಾಡಿದೆ. ಕೂಗಲು ಬಾಯಿ ತೆರೆದೆ, ತಕ್ಷಣ ಮುಚ್ಚಿದೆ. ಕೂಗಿದರೆ ಅವಳು ನನ್ನ ಮುಖ ನೋಡುತ್ತಾಳೆ, ರಸ್ತೆ ನೋಡುವುದಿಲ್ಲ. ಅವಳು ಅರ್ಥವಾದಂತೆ ತಲೆಯಾಡಿಸಿದಳು. ಇನ್ನೊಂದು ನಿಮಿಷ ಸಿಕ್ಕಿದ್ದರೆ ನಾನೇ ಹೋಗಿ ಕರೆತರುತ್ತಿದ್ದೆ.

ಆಗಲೇ ನನ್ನ ಬಸ್ಸು ಬಂತು.

ಬಂದು ಸರಿಯಾಗಿ ನಮ್ಮಿಬ್ಬರ ನಡುವೆ ನಿಂತಿತು. ಈಗ ನನಗೆ ದೊಡ್ಡವ್ವ ಕಾಣುವುದಿಲ್ಲ. ಕೆಂಪು ತಗಡಿನ ಗೋಡೆ ಕಾಣುತ್ತದೆ, ಅದರಲ್ಲಿ ಕಿಟಕಿಗಳು, ಕಿಟಕಿಗಳಲ್ಲಿ ಜನ. ಆದರೆ ಬಸ್ಸು ಬಂದದ್ದು ದೊಡ್ಡವ್ವನಿಗೂ ಕಂಡಿದೆ. ಬಸ್ಸು ಹೊರಟರೆ ಬುತ್ತಿ ಉಳಿಯುತ್ತದೆ. ಅವಳು ಏನು ಮಾಡುತ್ತಾಳೆಂದು ನನಗೆ ಗೊತ್ತಿತ್ತು.

“ಹತ್ರಿ ಅಕ್ಕಾರ, ಲಗೂನ ಹತ್ರಿ” ಎಂದ ಕಂಡಕ್ಟರ್.

ನಾನು ಬಸ್ಸಿನ ಮುಂಭಾಗದ ಕಡೆ ಓಡಿದೆ. ಓಡುವಾಗ ಕಿಟಕಿಗಳನ್ನು ನೋಡಿದ್ದು ಈಗಲೂ ದಿನವೂ ಕಣ್ಣಿಗೆ ಬರುತ್ತದೆ. ಕೂತಿದ್ದವರೆಲ್ಲ ರಸ್ತೆಯ ನಡುವಿನ ಕಡೆ ತಿರುಗಿದ್ದರು. ನನಗೆ ಕಂಡದ್ದು ಅವರ ಬೆನ್ನು, ಜಡೆ, ಟೊಪ್ಪಿಗೆ. ಎಲ್ಲವೂ ಒಮ್ಮೆಲೇ ಹಿಂದಕ್ಕೆ ಸರಿದವು, ಬಸ್ಸಿನೊಳಗೆ ಯಾರೋ ಎಲ್ಲರನ್ನೂ ಎಳೆದಂತೆ. ಒಬ್ಬಾಕೆ ಮಾತ್ರ ಈಚೆಗೆ ತಿರುಗಿ, ನೋಡಲಾರದೆ ಕಣ್ಣು ಮುಚ್ಚಿಕೊಂಡಳು. ಆಮೇಲೆ ಬ್ರೇಕಿನ ಸಪ್ಪಳ. ಸಪ್ಪಳ ಎಂದರೆ ಸಾಲದು. ಅದು ಬಹಳ ಉದ್ದವಿತ್ತು. ಮುಗಿದ ಮೇಲೆ ಏನೂ ಕೇಳಿಸಲಿಲ್ಲ.

ಬಸ್ಸಿನ ಮುಂದಿನಿಂದ ಇಣುಕಿದೆ. ದೊಡ್ಡವ್ವ ನಿಂತಿದ್ದಳು. ನಿಂತ ಬಸ್ಸನ್ನು ಬಲಗಡೆಯಿಂದ ದಾಟಿ ಹೋಗಲು ಬಂದ ಬಿಳಿ ಕಾರು ಅವಳ ಪಕ್ಕದಲ್ಲಿ ನಿಂತಿತ್ತು. ಅವಳ ಸೆರಗು ಆ ಕಾರಿನ ಮೂತಿಯ ಮೇಲೆ ಬಿದ್ದಿತ್ತು. ಒಳಗಿನ ಹುಡುಗ ಸ್ಟಿಯರಿಂಗ್ ಹಿಡಿದ ಕೈ ಬಿಡಲಾರದೆ ಅಳುತ್ತಿದ್ದ. ರಬ್ಬರ್ ಸುಟ್ಟ ವಾಸನೆ. ದೊಡ್ಡವ್ವ ಸೆರಗನ್ನು ಕಾರಿನ ಮೇಲಿಂದ ಎತ್ತಿ ಹೊದ್ದುಕೊಂಡು ಬದಿಗೆ ಬಂದಳು.

ಕಂಡಕ್ಟರ್ ಬಾಗಿಲಿಂದಲೇ ಕೂಗಿದ: “ಏ ಯವ್ವಾ, ಸಾಯಾಕ ನನ್ನ ಬಸ್ಸ ಬೇಕಾಗಿತ್ತೇನ ನಿನಗ?”

“ನಿನ್ನ ಬಸ್ಸಿಗೆ ಯಾರ ಬಂದಾರೊ? ನಾ ನನ್ನ ಮಗಳಿಗೆ ಬಂದೇನಿ” ಎಂದಳು ಅವಳು. ಬುತ್ತಿ ನನ್ನ ಕೈಗಿಟ್ಟಳು. “ಹಿಡಿ. ನಿಮ್ಮಪ್ಪನ್ಹಂಗ ಮರತ ಹೊಂಟಿದ್ದಿ.”

ನನಗೆ ಸಿಟ್ಟು ಬಂತು; ಜೀವ ಉಳಿದಾಗ ಮೊದಲು ಸಿಟ್ಟೇ ಬರುತ್ತದೆ. “ನಾ ಇನ್ನೂ ದಾಟಾಕತ್ತಾಗ ಒಂದ ಸಲ ಕೂಗಿದ್ರ ತಿರುಗಿ ಬರತಿದ್ದಿಲ್ಲೇನ ದೊಡ್ಡವ್ವಾ?”

ಅವಳು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. “ಹೊಂಟಾಕೀನ ಹಿಂದಿನಿಂದ ಕರೀತಾರೇನ? ದಾರ್ಯಾಗ ನಿನಗ ಏನರ ಆಗಿದ್ರ?”

ಮಾತು ಬೆಳೆಸಲು ಸಮಯವಿರಲಿಲ್ಲ. ಹಿಂದೆ ನಿಂತ ವಾಹನಗಳೆಲ್ಲ ಹಾರ್ನ್ ಒತ್ತತೊಡಗಿದವು, ಅಳುತ್ತಿದ್ದ ಹುಡುಗ ಕಾರು ಮುಂದಕ್ಕೆ ಬಿಟ್ಟ, ಕಂಡಕ್ಟರ್ ನನ್ನ ರಟ್ಟೆ ಹಿಡಿದು ಒಳಗೆಳೆದುಕೊಂಡ, ಸೀಟಿ ಊದಿದ. ಒಬ್ಬಾಕೆ ಸರಿದು ಜಾಗ ಕೊಟ್ಟು ನೀರಿನ ಬಾಟಲಿ ಮುಂದೆ ಹಿಡಿದಳು. ನಾನು ಕುಡಿದೆ. ಉಸಿರು ಬಿಟ್ಟೆ. ಎರಡನೆಯ ಗುಟುಕು ಬಾಯಲ್ಲಿದ್ದಾಗ ಹೊಳೆಯಿತು: ದೊಡ್ಡವ್ವ ಈಗ ಆಚೆ ಬದಿಗೆ ಇದ್ದಾಳೆ. ಮನೆಗೆ ಹೋಗಬೇಕೆಂದರೆ ಅವಳು ಆರೂ ಸಾಲು ಮತ್ತೆ ದಾಟಬೇಕು.

“ನಿಲ್ಲಸ್ರಿ! ಬಸ್ ನಿಲ್ಲಸ್ರಿ!”

“ಈಗೇನ್ ಮರತ್ರಿ?” ಎಂದ ಕಂಡಕ್ಟರ್.

“ದೊಡ್ಡವ್ವನ್ನ ಮರತೇನ್ರಿ.”

ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ನನಗೂ ಇನ್ನೊಂದು ದಿನವಾಗಿದ್ದರೆ ನಗು ಬರುತ್ತಿತ್ತು. “ಬ್ರಿಜ್ ಹತ್ತೇತ್ರಿ ಬಸ್ಸು, ಇಲ್ಲಿ ನಿಲ್ಲಸಾಕ ಬರಂಗಿಲ್ಲ. ಇಳದ ಮ್ಯಾಲ ನಿಲ್ಲಸತೇನಿ” ಎಂದ ಅವನು, ಈ ಸಲ ಮೆತ್ತಗೆ. ಆ ಸೇತುವೆ ಮುಗಿಯುವವರೆಗೆ ನಾನು ಬಾಗಿಲ ಕಂಬಿ ಹಿಡಿದು ನಿಂತಿದ್ದೆ. ದೊಡ್ಡವ್ವ ಮೊಬೈಲ್ ಒಯ್ಯುವವಳಲ್ಲ. ಅವಳ ಮನೆಗೆ ಫೋನ್ ಹಚ್ಚಿದೆ, ಯಾರೂ ಎತ್ತಲಿಲ್ಲ. ಸೊಸೆ ಎಮ್ಮೆ ಹಿಂಡುವ ಹೊತ್ತು. ದಸ್ತಗೀರ ಕಾಕಾನ ನಂಬರು ಅಂಗಡಿಯ ಮುಂದಿನ ಟಯರಿನ ಮೇಲೆ ಬಿಳಿ ಬಣ್ಣದಲ್ಲಿ ಇಷ್ಟು ದಪ್ಪ ಬರೆದಿದೆ. ಎಷ್ಟೋ ವರ್ಷ ಅದರ ಎದುರಿಗೇ ಕೂತಿದ್ದೇನೆ. ಒಂದಂಕಿಯೂ ನೆನಪಾಗಲಿಲ್ಲ.

ಇಳಿದು, ಹೆದ್ದಾರಿಯ ಅಂಚಿನಲ್ಲಿ ಎದುರು ಬರುವ ವಾಹನಗಳಿಗೆ ಮುಖಮಾಡಿ ನಡೆದೆ. ನಡೆಯುವುದೆಂದರೇನು, ಅರ್ಧ ಓಟ. ಹೆದ್ದಾರಿಯನ್ನು ಬಸ್ಸಿನ ಕಿಟಕಿಯಿಂದ ನೋಡುವುದೇ ಬೇರೆ, ಅದರ ಪಕ್ಕದಲ್ಲಿ ಕಾಲ್ನಡಿಗೆಯಲ್ಲಿ ಹೋಗುವುದೇ ಬೇರೆ. ಪ್ರತಿ ಲಾರಿಯೂ ಮೊದಲು ಗಾಳಿಯಿಂದ ನೂಕುತ್ತದೆ, ದಾಟಿದ ಮೇಲೆ ತನ್ನ ಕಡೆಗೆ ಎಳೆಯುತ್ತದೆ. ಇಷ್ಟರಲ್ಲಿ ಬೆನ್ನ ಹಿಂದೆ ಜೋರಾಗಿ ಹಾಡು ಕೇಳಿ ತಿರುಗಿದರೆ, ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ಉಲ್ಟಾ ದಿಕ್ಕಿನಲ್ಲಿ, ನನ್ನ ಬದಿಗೇ ಬರುತ್ತಿದೆ. ನಾನು ಇಳಿಜಾರಿನ ಹುಲ್ಲಿಗೆ ಜಿಗಿದು ಬಿದ್ದೆ. ಬುತ್ತಿ ಮಾತ್ರ ಕೈಬಿಡಲಿಲ್ಲ. ದೊಡ್ಡವ್ವನೂ ಹೀಗೇ ಅವಚಿಕೊಂಡಿದ್ದಳಲ್ಲ ಎಂದು ಆಗ ಅನ್ನಿಸಿತು. ಎದ್ದು ಹೊಸದೊಂದು ಹೆದರಿಕೆಯ ಜೊತೆ ಓಡಿದೆ: ಆಚೆ ಬದಿಯ ಸಾಲಿನಲ್ಲಿ ವಾಹನ ಬಲದಿಂದ ಬರುತ್ತದೆಂದು ಅವಳು ಬಲಕ್ಕಷ್ಟೇ ನೋಡಿ ಕಾಲಿಟ್ಟರೆ, ಈ ಕಬ್ಬಿನ ಗಾಡಿ ಎಡದಿಂದ ಹೋಗುತ್ತದೆ. ನನಗಿಂತ ಮೊದಲೇ ಅದು ಅಲ್ಲಿ ಮುಟ್ಟುತ್ತದೆ.

ದಸ್ತಗೀರ ಕಾಕಾನ ಅಂಗಡಿ ಕಂಡಿತು. ಗಾಳಿ ತುಂಬುವ ಯಂತ್ರ ತನ್ನಷ್ಟಕ್ಕೆ ತಾನು ದಡದಡ ನಡೆದಿತ್ತು. ಅರ್ಧ ಬಿಚ್ಚಿದ ಟಯರು, ಅದರ ಪಕ್ಕದಲ್ಲಿ ಎಸೆದ, ಬೋಲ್ಟು ಬಿಚ್ಚುವ ಪಾನಾ. ಕಾಕಾ ಇಲ್ಲ. ಬೆಂಚಿನ ಮೇಲೆ ದೊಡ್ಡವ್ವ ಇಲ್ಲ. ಯಂತ್ರ ಬಂದ್ ಮಾಡದೆ ಕಾಕಾ ಎಂದೂ ಏಳುವವನಲ್ಲ.

ರಸ್ತೆಯ ಕಡೆ ನೋಡಲು ಮನಸ್ಸಿರಲಿಲ್ಲ. ನೋಡಿದೆ. ಕಣಗಿಲೆಯ ಕಿಂಡಿಯ ಹತ್ತಿರ, ಡಾಂಬರಿನ ಅಂಚಿಗೆ, ಒಂದು ಚಪ್ಪಲಿ ಬಿದ್ದಿತ್ತು. ಹೆಂಗಸರದು. ಒಂದೇ. ಅವಳು ಬುತ್ತಿ ಕೊಡುವಾಗ ಕಾಲಲ್ಲಿ ಎರಡೂ ಚಪ್ಪಲಿ ಇದ್ದವೇ? ನಾನು ಅವಳ ಮುಖ ನೋಡಿದ್ದೆ, ಕೈ ನೋಡಿದ್ದೆ, ಕಾಲು ನೋಡಿರಲಿಲ್ಲ. ನೋಡಿರಲೇ ಇಲ್ಲ. ಲಾರಿಯೊಂದು ಆ ಚಪ್ಪಲಿಯ ಮೇಲೆ ಹಾದುಹೋಯಿತು. ಈಗಲೂ ತರಗತಿಯಲ್ಲಿ ಮಾತಿನ ನಡುವೆ ನಾನು ಸುಮ್ಮನೆ ನಿಂತರೆ ಮಕ್ಕಳು ನಾನು ಪಾಠ ಮರೆತೆನೆಂದು ತಿಳಿಯುತ್ತಾರೆ. ನಾನು ಮರೆತಿರುವುದಿಲ್ಲ, ಅಲ್ಲಿ ನಿಂತಿರುತ್ತೇನೆ.

ಅಷ್ಟರಲ್ಲಿ ಇಳಿಜಾರಿನ ಕೆಳಗಿನಿಂದ ಯಾರೋ ಸಿಳ್ಳೆ ಹಾಕಿದರು.

“ಏ ವಿಜೀ! ಅಲ್ಲೇನ್ ನೋಡಾಕತ್ತೀವಾ? ಇಲ್ಲೆ ಅದೀವಿ, ಇಲ್ಲೆ!”

ಅಂಗಡಿಯಿಂದ ಮುಂದೆ, ಕೆಳದಾರಿಯ ಬಾಯಲ್ಲಿ ನಿಂತು ದಸ್ತಗೀರ ಕಾಕಾ ಎರಡೂ ಕೈ ಬೀಸುತ್ತಿದ್ದ. ನಾನು ಇಳಿಜಾರನ್ನು ಹೇಗೆ ಇಳಿದೆನೋ ತಿಳಿಯದು. ಒಳಗೆ, ಕಾಂಕ್ರೀಟಿನ ಗೋಡೆಗೆ ಆತು ದೊಡ್ಡವ್ವ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಒಂದೇ ಕಾಲಲ್ಲಿ ಚಪ್ಪಲಿ.

“ನಿನ್ನ ಬಸ್ಸ ಹೋಗೂದ ತಡ, ಇಕಿ ಮತ್ತ ಅಲ್ಲೇ ದಾಟಾಕ ಹೊಂಟಳು” ಎಂದ ಕಾಕಾ. “ಹಿಡಕೊಂಡ ನಿಂತೆ. ‘ಗೌರಕ್ಕಾ, ನನಗ ಗಾಲೀ ಪಂಕ್ಚರ್ ಅಷ್ಟ ತಗ್ಯಾಕ ಬರತೈತಿ, ಮನಶ್ಯಾರದ ಬರಂಗಿಲ್ಲ’ ಅಂದೆ. ಆಗ ಬಂದಳು ನೋಡು. ಇಲ್ಲೀತನಕಾ ಹುಲಿ ಹಂಗ ಬಂದಳು. ಬಂದ ಮ್ಯಾಲ ಕುಂತಬಿಟ್ಟಳು.”

“ನೀ ಯಾಕ ಬಂದಿ?” ದೊಡ್ಡವ್ವ ನನ್ನನ್ನು ಗದರಿಸಿದಳು. “ಹೊಂಟಾಕಿ ಅರ್ಧಾ ದಾರ್ಯಾಗಿಂದ ತಿರುಗಿ ಬರಬಾರದು. ಏನ್ ಕಲತಿಯೋ ಕಾಲೇಜಿನ್ಯಾಗ.”

ಗದರಿಸುವ ದನಿಯೇ. ಆದರೆ ಮೊಣಕಾಲಿನ ಮೇಲೆ ಒಂದು ಕೈಯಿಂದ ಇನ್ನೊಂದನ್ನು ಒತ್ತಿ ಹಿಡಿದಿದ್ದಳು. ನಾನು ಪಕ್ಕದಲ್ಲಿ ಕೂತು ಎರಡನ್ನೂ ಹಿಡಿದುಕೊಂಡೆ. ಕಾಕಾ “ಮಷೀನ್ ಚಾಲೂ ಐತ್ರೆವಾ” ಎಂದು ಹೊರಟ. ಹೋಗುವ ಮೊದಲು ಬೀದಿನಾಯಿಯೊಂದನ್ನು ನಮ್ಮಿಂದ ದೂರ ಓಡಿಸಿದ.

ನಾನು ಹೇಳಿದೆ: “ದೊಡ್ಡವ್ವಾ, ಅಂಗಡಿ ಖಾಲಿ ಇದ್ದದ್ದ ನೋಡಿ, ಚಪ್ಪಲಿ ನೋಡಿ, ನನ್ನ ಜೀವ ಹೋಗಿ ಬಂತು. ನೀ ಕಾಣೂತನಕಾ ನನಗ ಉಸರ ಬಂದಿಲ್ಲ.”

ಅವಳು ನನ್ನನ್ನು ನೋಡಲಿಲ್ಲ. ಎದುರಿನ ಗೋಡೆ ನೋಡುತ್ತ ಹೇಳಿದಳು:

“ರೋಡ್ ಅಗಲ ಮಾಡಿದಾಗಿಂದ, ನೀ ಬಂದ ಹೋಗೂ ಪ್ರತಿ ಸಲಾ ನಾ ಮನೀ ಕಡಿ ಅಂಚಿಗೆ ಹಂಗ ನಿಂದರತೇನಿ ಮಗಳ. ಬರತೇನಿ ಅಂತಿ, ಕಾಲ ಮುಂದ ಇಡತಿ, ಲಾರಿ ನಡಕ ಬರತಾವು, ನೀ ಕಾಣಂಗಿಲ್ಲ. ಆ ಕಡಿ ಕಾಕಾನ ಅಂಗಡ್ಯಾಗ ನಿನ್ನ ಸೀರಿ ಬಣ್ಣ ಕಾಣೂತನಕಾ ನನಗೂ ಉಸರ ಇರಂಗಿಲ್ಲ. ಬರೇ ಕಳಸಾಕ ಬರತಾಳ ದೊಡ್ಡವ್ವ ಅಂತ ತಿಳದಿದ್ದಿಯೇನ? ಇವತ್ತ ನಿನ್ನ ಪಾಳಿ ಬಂತು, ಅಷ್ಟ.”

ನಮ್ಮ ತಲೆಯ ಮೇಲೆ ಒಂದು ಲಾರಿ ಬಂತು. ಭಾರದ್ದಿರಬೇಕು, ಗೋಡೆ ಅದುರಿತು. ಅದು ದಾಟಿ ಹೋಗುವವರೆಗೆ ನಾವಿಬ್ಬರೂ ಉಸಿರು ಹಿಡಿದು ಕೂತಿದ್ದೆವು.